ವಿಜ್ಞಾನಕ್ಕೊಂದು ಅತಿಥಿಗೃಹ

ವಿಜ್ಞಾನ ಕಾರ್ಯಾಗಾರದ ಆಮಂತ್ರಣ ಪತ್ರಕ್ಕೆ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲ ಭಾಗದಲ್ಲಿ ವಿಷಯ, ಉಪನ್ಯಾಸ ಕೊಡುವವರ ಹೆಸರುಗಳು, ತಾರೀಖು. ಎರಡನೆಯ ಭಾಗದಲ್ಲಿ ಊರು ತಲುಪುವುದು ಹೇಗೆ, ಇಳಿದುಕೊಳ್ಳುವುದೆಲ್ಲಿ, ಊಟ ತಿಂಡಿಯ ಏರ್ಪಾಡೇನು, ರೈಲಿನ ಖರ್ಚು ಯಾರದು ಎಂಬ ವಿವರಗಳು. ವಿದ್ಯಾರ್ಥಿಯ ಕಣ್ಣು ಮೊದಲ ಭಾಗದ ಮೇಲೆ. ತಂದೆತಾಯಿಯ ಕಣ್ಣು ಎರಡನೆಯದರ ಮೇಲೆ. ಹೋಗುವುದೋ ಬೇಡವೋ ಎಂಬ ತೀರ್ಮಾನ ಬಹಳಷ್ಟು ಮನೆಗಳಲ್ಲಿ ಆಗುವುದು ಎರಡನೆಯ ಭಾಗವನ್ನು ನೋಡಿಯೇ.

ಇವೆಲ್ಲ ಆಫೀಸಿನ ಗುಮಾಸ್ತರ ಕೆಲಸ, ವಿಜ್ಞಾನಕ್ಕೂ ಹಾಸಿಗೆ ದಿಂಬಿಗೂ ಏನು ಸಂಬಂಧ ಎಂದು ಕೇಳುವವರುಂಟು. ಸಂಬಂಧವಿದೆ, ಮತ್ತು ಅದು ಸಣ್ಣದೇನಲ್ಲ. ಇಟಲಿ ದೇಶದ ಈಶಾನ್ಯ ಮೂಲೆಯಲ್ಲಿ ಟ್ರಿಯೆಸ್ಟೆ ಎಂಬ ಬಂದರು ನಗರವಿದೆ. ಅಲ್ಲಿಯ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ಹೆಸರನ್ನು ಭೌತವಿಜ್ಞಾನ ಓದಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ಐಸಿಟಿಪಿ ಎಂಬುದು ಅದರ ಚಿಕ್ಕ ಹೆಸರು. ಈ ಕೇಂದ್ರ ಹುಟ್ಟಿದ್ದು ಯಾವುದೋ ದೊಡ್ಡ ಯಂತ್ರವನ್ನು ಸ್ಥಾಪಿಸುವುದಕ್ಕಲ್ಲ. ದೂರದ ಊರಿನಲ್ಲಿ ಒಂಟಿಯಾಗಿ ಕುಳಿತ ವಿಜ್ಞಾನಿಗೆ ಹೋಗಿಬರಲು ದಾರಿಖರ್ಚು, ಬಂದಾಗ ಇರಲು ಒಂದು ಕೋಣೆ, ಓದಲು ಗ್ರಂಥಾಲಯ, ಮಾತಾಡಲು ಸರಿಜೋಡಿಗಳು ಇವಿಷ್ಟನ್ನು ಒದಗಿಸುವುದಕ್ಕೆ!

ವಿಜ್ಞಾನಿಗಳನ್ನು ಕರೆಸಿ, ಖರ್ಚು ಕೊಟ್ಟು, ಒಂದೆಡೆ ಕೂರಿಸಿ ಚರ್ಚೆ ಮಾಡಿಸುವ ಪದ್ಧತಿ ಅದಕ್ಕೂ ಹಳೆಯದು. 1911ರ ಅಕ್ಟೋಬರ್ ಕೊನೆಯಲ್ಲಿ ಬ್ರಸೆಲ್ಸ್ ನಗರದ ಮೆಟ್ರೊಪೋಲ್ ಹೋಟೆಲಿನಲ್ಲಿ ನಡೆದ ಮೊದಲ ಸಾಲ್ವೇ ಸಮ್ಮೇಳನ ಇದಕ್ಕೆ ಪ್ರಸಿದ್ಧ ನಿದರ್ಶನ. ಸೋಡಾ ತಯಾರಿಕೆಯಿಂದ ಐಶ್ವರ್ಯ ಗಳಿಸಿದ್ದ ಅರ್ನೆಸ್ಟ್ ಸಾಲ್ವೇ ಎಂಬ ಉದ್ಯಮಿ ಅದರ ವೆಚ್ಚ ವಹಿಸಿಕೊಂಡರು. ಪ್ಲ್ಯಾಂಕ್, ಐನ್‌ಸ್ಟೈನ್, ಮೇರಿ ಕ್ಯೂರಿ, ರುದರ್‌ಫರ್ಡ್ ಮೊದಲಾದ ಘಟಾನುಘಟಿಗಳು ಬಂದರು. ಆದರೆ ಅವರೆಲ್ಲ ಆಗ ಯೂರೋಪಿನಲ್ಲೇ ಇದ್ದವರು. ಹೆಚ್ಚೆಂದರೆ ಒಂದೆರಡು ದಿನದ ರೈಲು ಪ್ರಯಾಣ. ಹೆಸರೂ ಇತ್ತು, ಕೈಯಲ್ಲಿ ಕೆಲಸವೂ ಇತ್ತು. ಸಾಲ್ವೇ ಅವರ ಹಣ ಇಲ್ಲದಿದ್ದರೂ ಅವರ ವಿಜ್ಞಾನ ನಿಲ್ಲುತ್ತಿರಲಿಲ್ಲ. ಖರ್ಚು ಕೊಡದಿದ್ದರೆ ವಿಜ್ಞಾನವೇ ನಿಂತುಹೋಗುವಂಥವರ ಕಥೆ ಬೇರೆ.

ಲಾಹೋರಿನ ಒಂಟಿ ಪ್ರಾಧ್ಯಾಪಕ

ಅಬ್ದುಸ್ ಸಲಾಂ ಹುಟ್ಟಿದ್ದು 1926ರಲ್ಲಿ, ಅವಿಭಜಿತ ಪಂಜಾಬಿನಲ್ಲಿ. ಬೆಳೆದದ್ದು ಝಂಗ್ ಎಂಬ ಚಿಕ್ಕ ಪಟ್ಟಣದಲ್ಲಿ. ಶಿಷ್ಯವೇತನದ ಮೇಲೆ ಕೇಂಬ್ರಿಜ್ಜಿಗೆ ಹೋಗಿ, ಅಲ್ಲಿ ಮಾಡಿದ ಸಂಶೋಧನೆಯಿಂದ ಇನ್ನೂ ಇಪ್ಪತ್ತೈದು ತುಂಬುವ ಹೊತ್ತಿಗೇ ಭೌತವಿಜ್ಞಾನಿಗಳ ನಡುವೆ ಹೆಸರು ಮಾಡಿದರು. 1951ರಲ್ಲಿ ತಮ್ಮ ದೇಶಕ್ಕೆ ಮರಳಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತಾಯ್ನಾಡಿನಲ್ಲೇ ಸಂಶೋಧನೆಯ ಒಂದು ಪರಂಪರೆ ಬೆಳೆಸಬೇಕೆಂಬ ಆಸೆ ಅವರದು.

ಅಲ್ಲಿ ಅವರಿಗೆ ಸಿಕ್ಕಿದ್ದೇನು? ಸಂಶೋಧನೆಯ ಪತ್ರಿಕೆಗಳು ಬರುತ್ತಿರಲಿಲ್ಲ. ಜೊತೆಗೆ ಕುಳಿತು ಲೆಕ್ಕ ಮಾಡುವವರು ಇರಲಿಲ್ಲ. ಸಂಶೋಧನೆಯ ಮಾತು ಬಿಡಿ, ಪಾಠದ ಜೊತೆಗೆ ಹಾಸ್ಟೆಲಿನ ವಾರ್ಡನ್‌ಗಿರಿ, ಖಜಾಂಚಿಯ ಕೆಲಸ, ಫುಟ್‌ಬಾಲ್ ಸಂಘದ ಅಧ್ಯಕ್ಷತೆ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಕಾಲೇಜಿನವರು ಹೇಳಿದರು. ಸಲಾಂ ಫುಟ್‌ಬಾಲ್ ಆರಿಸಿಕೊಂಡರು. ಮುಂದೆ ಈ ಪ್ರಸಂಗವನ್ನು ಅವರೇ ನಗುತ್ತಾ ಹೇಳುತ್ತಿದ್ದರು. ನಗುವಿನ ಹಿಂದೆ ಎಷ್ಟು ಬೇಸರವಿತ್ತು ಎಂಬುದು ಮೇಷ್ಟರ ಕೆಲಸ ಮಾಡಿದವರಿಗೆ ಥಟ್ಟನೆ ತಿಳಿಯುತ್ತದೆ.

ಸಂಶೋಧನೆಯ ವಿಷಯ ಮಾತಾಡಬಲ್ಲ ಭೌತವಿಜ್ಞಾನಿಗಳು ಹತ್ತಿರದಲ್ಲಿ ಇದ್ದದ್ದೆಂದರೆ ಮುಂಬೈಯಲ್ಲಿ. ಅದೂ ಗಡಿಯ ಈಚೆ, ಬೇರೊಂದು ದೇಶದಲ್ಲಿ! ಒಮ್ಮೆ ಪ್ರಸಿದ್ಧ ವಿಜ್ಞಾನಿ ವೊಲ್ಫ್‌ಗಾಂಗ್ ಪೌಲಿ ಮುಂಬೈಗೆ ಬಂದವರು, ಬಂದು ಕಾಣುವಂತೆ ಸಲಾಂಗೆ ತಂತಿ ಕೊಟ್ಟರು. ಪೌಲಿ ಕರೆದರೆ ಹೋಗದಿರುವುದುಂಟೆ? ಸಲಾಂ ಹೊರಟೇಬಿಟ್ಟರು. ಕೆಲವು ದಿನಗಳ ಚರ್ಚೆ ಮುಗಿಸಿ ಹುರುಪಿನಿಂದ ವಾಪಸಾದರೆ, ಅನುಮತಿ ಇಲ್ಲದೆ ಊರು ಬಿಟ್ಟದ್ದೇಕೆ ಎಂಬ ಆರೋಪಪತ್ರ ಕಾದಿತ್ತು. ಕೊನೆಗೆ ಆ ದಿನಗಳನ್ನು ಸಂಬಳವಿಲ್ಲದ ರಜೆಯೆಂದು ಪರಿಗಣಿಸಿ ವಿಷಯ ಮುಗಿಸಲಾಯಿತು. ಅನುಮತಿ ಕೇಳದೆ ಹೋದದ್ದು ನಿಯಮದ ಪ್ರಕಾರ ತಪ್ಪೇ ಇರಬಹುದು. ಆದರೆ ಒಬ್ಬ ಯುವ ವಿಜ್ಞಾನಿ ತನ್ನ ವಿಷಯದ ಮೇಧಾವಿಯೊಡನೆ ನಾಲ್ಕು ದಿನ ಮಾತಾಡಿ ಬಂದದ್ದಕ್ಕೆ ಸಂಬಳ ಕಳೆದುಕೊಂಡ ಎಂಬುದೂ ಅಷ್ಟೇ ನಿಜ.

1954ರಲ್ಲಿ ಸಲಾಂ ಲಾಹೋರನ್ನು ಬಿಟ್ಟು ಕೇಂಬ್ರಿಜ್ಜಿಗೆ ಮರಳಿದರು. 1957ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ದೇಶವೋ ವಿಜ್ಞಾನವೋ ಎಂಬ ಪ್ರಶ್ನೆ ಎದುರಾದಾಗ ವಿಜ್ಞಾನವನ್ನು ಆರಿಸಿಕೊಂಡದ್ದು ಅವರನ್ನು ಬಹುಕಾಲ ಕೊರೆಯಿತು. ತನ್ನ ಹಿಂದೆ ಬರುವವರಿಗೆ ಇಂಥ ಪ್ರಶ್ನೆ ಎದುರಾಗಲೇಬಾರದು, ಊರಿನಲ್ಲೇ ಕೆಲಸ ಮಾಡುತ್ತ ಆಗಾಗ ಹೋಗಿ ಹೊಸ ವಿಷಯ ಕಲಿತುಬರುವ ಒಂದು ಜಾಗ ಬೇಕು ಎಂಬ ಯೋಚನೆ ಅವರಿಗೆ ಬಂದದ್ದು ಹೀಗೆ.

ಎತ್ತಿನ ಗಾಡಿಯ ಮಾತು

1960ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಸಭೆಯಲ್ಲಿ ಪಾಕಿಸ್ತಾನದ ಪ್ರತಿನಿಧಿಯಾಗಿ ಸಲಾಂ ಈ ಪ್ರಸ್ತಾಪವನ್ನು ಮುಂದಿಟ್ಟರು. ಬಡ ದೇಶಗಳ ಪ್ರತಿನಿಧಿಗಳು ಒಪ್ಪಿದರು. ಶ್ರೀಮಂತ ದೇಶಗಳಲ್ಲಿ ಹಲವು ಹಿಂಜರಿದವು. ಸೈದ್ಧಾಂತಿಕ ಭೌತವಿಜ್ಞಾನವೆಂದರೆ ವಿಜ್ಞಾನಗಳಲ್ಲಿ ರೋಲ್ಸ್‌ರಾಯ್ಸ್ ಕಾರು ಇದ್ದಂತೆ, ಹಿಂದುಳಿದ ದೇಶಗಳಿಗೆ ಬೇಕಾದದ್ದು ಎತ್ತಿನ ಗಾಡಿ ಎಂಬ ಅರ್ಥದ ಮಾತನ್ನು ಒಬ್ಬ ಪ್ರತಿನಿಧಿ ಆಡಿದರೆಂದು ಸಲಾಂ ಅನಂತರ ಹೇಳಿದ್ದಾರೆ. ಎತ್ತಿನ ಗಾಡಿಯನ್ನು ಕಂಡವರಿಗೆ ಅದರ ಮೇಲೆ ತಾತ್ಸಾರ ಇರುವುದಿಲ್ಲ. ಆದರೆ ಗಾಡಿ ಹೊಡೆಯುವವನ ಮಗ ಸಮೀಕರಣ ಬಿಡಿಸಬಾರದು ಎಂಬ ತೀರ್ಪು ಕೊಡಲು ಇವರು ಯಾರು? ಸಲಾಂಗೆ ಆ ಮಾತು ಚುಚ್ಚಿತು. ಬಿಡದೆ ನಾಲ್ಕು ವರ್ಷ ಓಡಾಡಿದರು.

ಅವರ ಬೆನ್ನಿಗೆ ನಿಂತವರು ಟ್ರಿಯೆಸ್ಟೆ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಪಾಲೊ ಬುದಿನಿಚ್. ಆ ಊರಿಗೂ ಒಂದು ಕಾರಣ ಬೇಕಿತ್ತು. ಒಂದು ಕಾಲಕ್ಕೆ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ದೊಡ್ಡ ಬಂದರಾಗಿದ್ದ ಟ್ರಿಯೆಸ್ಟೆ ಮೊದಲ ಮಹಾಯುದ್ಧದ ಅನಂತರ ಇಟಲಿಗೆ ಸೇರಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆಲವು ವರ್ಷ ಅತ್ತ ಇಟಲಿಗೂ ಇಲ್ಲ, ಇತ್ತ ಯುಗೊಸ್ಲಾವಿಯಕ್ಕೂ ಇಲ್ಲ ಎಂಬಂತಿದ್ದು 1954ರಲ್ಲಿ ಮತ್ತೆ ಇಟಲಿಯ ಆಡಳಿತಕ್ಕೆ ಬಂತು. ವ್ಯಾಪಾರ ಸೊರಗಿ, ಗಡಿಯಂಚಿನಲ್ಲಿ ಮುದುಡಿ ಕುಳಿತಿದ್ದ ಊರು. ಅದಕ್ಕೆ ಹೊಸ ಕಸುಬೊಂದು ಬೇಕಿತ್ತು. ಇಟಲಿ ಸರ್ಕಾರ ಕಟ್ಟಡ ಮತ್ತು ಹಣ ಎರಡನ್ನೂ ಕೊಡಲು ಮುಂದಾಯಿತು. 1964ರ ಅಕ್ಟೋಬರಿನಲ್ಲಿ ನಗರದ ನಡುವಿನ ಒಬೆರ್ದಾನ್ ಚೌಕದ ಕಟ್ಟಡವೊಂದರಲ್ಲಿ ಕೇಂದ್ರ ಆರಂಭವಾಯಿತು. ಸಲಾಂ ಅದರ ಮೊದಲ ನಿರ್ದೇಶಕರು.

ಗಡಿಯ ಊರಾದದ್ದರಿಂದ ಒಂದು ಲಾಭವೂ ಆಯಿತು. ಆಗ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಶೀತಲ ಸಮರದ ಕಾಲ. 1965-66ರಲ್ಲಿ ಪ್ಲಾಸ್ಮಾ ಭೌತವಿಜ್ಞಾನವನ್ನು ಕುರಿತು ವರ್ಷಪೂರ್ತಿ ನಡೆದ ಕಾರ್ಯಕ್ರಮಕ್ಕೆ ಅಮೆರಿಕದಿಂದ ಮಾರ್ಷಲ್ ರೋಸನ್‌ಬ್ಲೂತ್, ಸೋವಿಯತ್ ಒಕ್ಕೂಟದಿಂದ ರೊಆಲ್ಡ್ ಸಾಗ್‌ದೇವ್ ಬಂದರು. ಇವರ ಊರಿಗೆ ಅವರು, ಅವರ ಊರಿಗೆ ಇವರು ಹೋಗಿ ತಿಂಗಳುಗಟ್ಟಲೆ ತಂಗುವುದು ಆಗ ಸುಲಭವಾಗಿರಲಿಲ್ಲ. ಮೂರನೆಯ ಊರಿನಲ್ಲಿ ಮನೆ ಮಾಡಿಕೊಟ್ಟರೆ ಇಬ್ಬರೂ ಬರುತ್ತಾರೆ!

1968ರಲ್ಲಿ ಕೇಂದ್ರ ತನ್ನ ಈಗಿನ ಜಾಗಕ್ಕೆ, ನಗರದಿಂದ ಆರೇಳು ಕಿಲೋಮೀಟರ್ ದೂರದ ಮಿರಾಮಾರೆಗೆ ಬಂತು. ಆ ಬೇಸಿಗೆಯ ವಿಚಾರಸಂಕಿರಣದಲ್ಲಿ ಡಿರಾಕ್, ಹೈಸೆನ್‌ಬರ್ಗ್, ಬೇಥೆ ಅವರಂಥವರು ಸಂಜೆಯ ಹೊತ್ತು ತಮ್ಮ ಜೀವನದ ಅನುಭವಗಳನ್ನು ಹೇಳಿದರು. ಏಷ್ಯಾ ಆಫ್ರಿಕಗಳ ತರುಣರು ಅವರ ಎದುರು ಕುಳಿತು ಕೇಳಿದರು. ಅದೇ ವರ್ಷ ಸಲಾಂಗೆ ಶಾಂತಿಗಾಗಿ ಪರಮಾಣು ಪ್ರಶಸ್ತಿ ಬಂತು. ಆ ಹಣವನ್ನು ಅವರು ತಮ್ಮ ದೇಶದ ಯುವ ಭೌತವಿಜ್ಞಾನಿಗಳು ಟ್ರಿಯೆಸ್ಟೆಗೆ ಬಂದುಹೋಗುವ ನಿಧಿಯೊಂದಕ್ಕೆ ಕೊಟ್ಟುಬಿಟ್ಟರು. ನೊಬೆಲ್ ಬಹುಮಾನ ಬಂದದ್ದು ಇನ್ನೂ ಹನ್ನೊಂದು ವರ್ಷದ ಮೇಲೆ, 1979ರಲ್ಲಿ.

ಮೂರು ಸಲ ಬನ್ನಿ, ಮರಳಿ ಹೋಗಿ

ಸಲಾಂ ರೂಪಿಸಿದ ವ್ಯವಸ್ಥೆಯ ಜಾಣತನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಶಿಷ್ಯವೇತನ ಕೊಟ್ಟು ಹೊರದೇಶಕ್ಕೆ ಕರೆಸಿಕೊಳ್ಳುವ ಸಂಸ್ಥೆಗಳು ಆಗಲೂ ಬೇಕಾದಷ್ಟಿದ್ದವು. ಹಾಗೆ ಹೋದವರಲ್ಲಿ ಅನೇಕರು ಅಲ್ಲಿಯೇ ನಿಂತುಬಿಡುತ್ತಿದ್ದರು. ಮರಳಿದವರು ಎರಡು ಮೂರು ವರ್ಷಗಳಲ್ಲಿ ಲಾಹೋರಿನ ಸಲಾಂ ಅವರಂತೆ ಒಂಟಿಯಾಗುತ್ತಿದ್ದರು. ಸಲಾಂ ತಂದ 'ಅಸೋಸಿಯೇಟ್' ಪದ್ಧತಿಯಲ್ಲಿ ಆಯ್ಕೆಯಾದವನು ತನ್ನ ಊರಿನ ಕೆಲಸ ಬಿಡಬೇಕಾಗಿಲ್ಲ. ಸುಮಾರು ಆರು ವರ್ಷಗಳ ಅವಧಿಯಲ್ಲಿ ಮೂರು ಸಲ, ಪ್ರತಿ ಸಲವೂ ಆರು ವಾರಗಳಿಂದ ಮೂರು ತಿಂಗಳವರೆಗೆ, ತನಗೆ ಅನುಕೂಲವಾದ ಕಾಲದಲ್ಲಿ ಬರಬಹುದು. ಕಾಲೇಜಿನ ಬೇಸಿಗೆ ರಜೆ ಇದಕ್ಕೆ ಹೇಳಿ ಮಾಡಿಸಿದ್ದು. ಬಂದಾಗ ಕೇಂದ್ರ ಖರ್ಚು ನೋಡಿಕೊಳ್ಳುತ್ತದೆ. ಬಂದವನು ಓದುತ್ತಾನೆ, ಲೆಕ್ಕ ಮಾಡುತ್ತಾನೆ, ಚರ್ಚಿಸುತ್ತಾನೆ, ಜೂನ್ ಕಳೆದ ಮೇಲೆ ತನ್ನ ತರಗತಿಗೆ ಮರಳುತ್ತಾನೆ. ಎರಡು ವರ್ಷದ ಅನಂತರ ಮತ್ತೆ ಬರಬಹುದು ಎಂಬ ಭರವಸೆ ಇದ್ದರೆ, ನಡುವಿನ ಎರಡು ವರ್ಷ ಪುಸ್ತಕ ಮುಚ್ಚಿಡಲು ಮನಸ್ಸು ಬಾರದು.

ಇಂಥ ವ್ಯವಸ್ಥೆಯಲ್ಲಿ ಅತಿಥಿಗೃಹ ಎಂಬುದು ಕೇಂದ್ರದ ಒಂದು ಅಂಗವೇ ಆಗಿಬಿಡುತ್ತದೆ. ಮಿರಾಮಾರೆಯ ಅತಿಥಿಗೃಹಗಳಲ್ಲಿ ಒಂದಕ್ಕೆ ಗೆಲಿಲಿಯೋ ಎಂದು ಹೆಸರು. ಇನ್ನೊಂದು ಏಡ್ರಿಯಾಟಿಕೊ. ಈ ಎರಡನೆಯದು ಹಿಂದೆ ಸಮುದ್ರದಂಡೆಯ ಹೋಟೆಲಾಗಿತ್ತು. ಕೇಂದ್ರದ ಕೈಗೆ ಬಂದ ಮೇಲೆ ಅದರಲ್ಲಿ ಕೋಣೆಗಳ ಜೊತೆಗೆ ಉಪನ್ಯಾಸ ಮಂದಿರಗಳೂ ಆದವು. ಅಂದರೆ ಮೇಲಿನ ಮಹಡಿಯಲ್ಲಿ ಮಲಗಿ ಎದ್ದವರು ಮೆಟ್ಟಿಲಿಳಿದು ಬಂದರೆ ಪಾಠ! ಊಟದ ಮನೆಯೂ ಅಲ್ಲಿಯೇ. ಮುಖ್ಯ ಕಟ್ಟಡಕ್ಕೆ ಹೋಗಬೇಕಾದವರು ಮಿರಾಮಾರೆಯ ಉದ್ಯಾನದ ಮರಗಳ ನಡುವೆ ನಡೆದು ಹೋಗುತ್ತಾರೆ. ಆ ಉದ್ಯಾನ, ಅದರ ತುದಿಯಲ್ಲಿ ಕಡಲಿಗೆ ಚಾಚಿ ನಿಂತ ಬಿಳಿಯ ಕೋಟೆಮನೆ, ಎರಡೂ ಆಸ್ಟ್ರಿಯದ ರಾಜಕುಮಾರ ಮ್ಯಾಕ್ಸಿಮಿಲಿಯನ್ 19ನೆಯ ಶತಮಾನದಲ್ಲಿ ಮಾಡಿಸಿದವು. ಅವನು 1864ರಲ್ಲಿ ಮೆಕ್ಸಿಕೊ ದೇಶಕ್ಕೆ ಚಕ್ರವರ್ತಿಯಾಗಲು ಹೋಗಿ 1867ರಲ್ಲಿ ಅಲ್ಲಿ ಗುಂಡಿಗೆ ಬಲಿಯಾದ. ಅವನು ಮರಳಿ ಬಾರದ ಉದ್ಯಾನದಲ್ಲಿ ಈಗ ಜಗತ್ತಿನ ನಾನಾ ದೇಶಗಳ ಮೇಷ್ಟರುಗಳು ಸಮೀಕರಣ ಚರ್ಚಿಸುತ್ತ ತಿರುಗಾಡುತ್ತಾರೆ.

ಉಪನ್ಯಾಸ ಕೇಳುವುದಕ್ಕೆ ಅಷ್ಟು ದೂರ ಹೋಗಬೇಕೆ, ಈಗ ಎಲ್ಲ ಉಪನ್ಯಾಸಗಳೂ ಅಂತರಜಾಲದಲ್ಲೇ ಸಿಗುತ್ತವಲ್ಲ ಎಂದು ಕೇಳಬಹುದು. ಸಿಗುತ್ತವೆ, ಅದು ದೊಡ್ಡ ಉಪಕಾರವೇ. ಆದರೆ ತರಗತಿಯಲ್ಲಿ ಕೈ ಎತ್ತಿ ಕೇಳಲು ಸಂಕೋಚಪಡುವ ಪ್ರಶ್ನೆಯನ್ನು ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಪಕ್ಕದವರಲ್ಲಿ ಕೇಳಬಹುದು. ಪುಸ್ತಕದಲ್ಲಿ ಅಚ್ಚಾಗುವುದು ಗೆದ್ದ ಲೆಕ್ಕ. ಸೋತ ಲೆಕ್ಕಗಳು ಎಷ್ಟು, ಯಾಕೆ ಸೋತವು ಎಂಬುದು ರಾತ್ರಿ ಊಟವಾದ ಮೇಲೆ ಕಾಫಿಯ ಮುಂದೆ ಮಾತ್ರ ಹೊರಬರುತ್ತದೆ. ಒಂದೇ ಸೂರಿನಡಿ ಹತ್ತು ದಿನ ಮಲಗಿ ಎದ್ದವರಿಗೆ ಸಿಗುವ ಈ ಲಾಭವನ್ನು ಯಾವ ಪರದೆಯೂ ಕೊಡಲಾರದು. ಸಭಾಂಗಣ ಒಂದೆಡೆ, ವಸತಿ ಹತ್ತು ಮೈಲಿ ದೂರ, ಸಂಜೆ ಐದಕ್ಕೆ ಎಲ್ಲರೂ ಚದುರಿಹೋಗುವ ಕಾರ್ಯಾಗಾರಗಳು ಅರ್ಧ ಕಾರ್ಯಾಗಾರಗಳೇ ಸರಿ.

ಭಾರತಕ್ಕೂ ಟ್ರಿಯೆಸ್ಟೆಗೂ ನಂಟು ಹಳೆಯದು. ಟ್ರಿಯೆಸ್ಟೆಯ ಹಡಗು ಕಂಪನಿಯಾದ ಲಾಯ್ಡ್ ಟ್ರಿಯೆಸ್ಟಿನೊದ ಹಡಗುಗಳು ಮುಂಬೈಗೆ ಬರುತ್ತಿದ್ದವು. 1930ರ ಜುಲೈ 31ರಂದು ಅದೇ ಕಂಪನಿಯ 'ಪಿಲ್ಸ್‌ನಾ' ಹಡಗನ್ನು ಮುಂಬೈಯಲ್ಲಿ ಹತ್ತಿದವರಲ್ಲಿ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಒಬ್ಬರು. ಸರ್ಕಾರದ ಶಿಷ್ಯವೇತನದ ಮೇಲೆ ಕೇಂಬ್ರಿಜ್ಜಿಗೆ ಹೊರಟಿದ್ದರು. ವೆನಿಸ್ ತಲುಪಿದ್ದು ಆಗಸ್ಟ್ 19ಕ್ಕೆ. ಆ ಹಡಗಿನ ಮೇಲೆ ಕುಳಿತೇ ಅವರು ಶ್ವೇತಕುಬ್ಜ ನಕ್ಷತ್ರಗಳ ದ್ರವ್ಯರಾಶಿಗೆ ಒಂದು ಮಿತಿ ಇದೆ ಎಂಬ ಲೆಕ್ಕಕ್ಕೆ ಕೈಹಾಕಿದ್ದು. ಇನ್ನೊಂದು ನಂಟು ಕನ್ನಡ ನಾಡಿನದೇ. ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಪಡೆದ ಕೆ.ಆರ್. ಶ್ರೀನಿವಾಸನ್ 2003ರಿಂದ 2009ರವರೆಗೆ ಐಸಿಟಿಪಿಯ ನಿರ್ದೇಶಕರಾಗಿದ್ದರು. 2019ರಲ್ಲಿ ಅದೇ ಹುದ್ದೆಗೆ ಬಂದ ಅತೀಶ್ ದಾಭೋಲ್ಕರ್ ಕೂಡ ಭಾರತದವರು. ಸಲಾಂ ತೀರಿಕೊಂಡದ್ದು 1996ರಲ್ಲಿ. ಮರುವರ್ಷ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಯಿತು.

ಎಂ.ಎಸ್ಸಿ. ಓದುತ್ತಿರುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗಾಗಿ ಈ ಕೇಂದ್ರ 1991ರಲ್ಲಿ ಒಂದು ವರ್ಷದ ಡಿಪ್ಲೊಮಾ ಕಾರ್ಯಕ್ರಮವನ್ನು ಆರಂಭಿಸಿತು. ಸಂಶೋಧನೆಗೆ ಇಳಿಯುವ ಮುನ್ನ ಬೇಕಾಗುವ ಗಟ್ಟಿ ತಳಹದಿ ಹಾಕಿಕೊಡುವುದು ಅದರ ಉದ್ದೇಶ.

ಹೊರಡುವ ಮುನ್ನ

ಟ್ರಿಯೆಸ್ಟೆಗೆ ಕರೆ ಬಂದವರು ಮಾಡಿಕೊಳ್ಳಬೇಕಾದ ಸಿದ್ಧತೆ ಏನೂ ಗಹನವಲ್ಲ, ಆದರೆ ತಡ ಮಾಡುವಂತಿಲ್ಲ. ಮೊದಲು ಪಾಸ್‌ಪೋರ್ಟು. ಕರೆ ಬಂದ ಮೇಲೆ ಅರ್ಜಿ ಹಾಕುತ್ತೇನೆ ಎನ್ನುವವರು ಎಷ್ಟೋ ಸಲ ಕಾರ್ಯಾಗಾರ ಮುಗಿದ ಮೇಲೆ ಪಾಸ್‌ಪೋರ್ಟು ಪಡೆಯುತ್ತಾರೆ. ಅನಂತರ ವೀಸಾ. ಇಟಲಿ ಷೆಂಗೆನ್ ಒಕ್ಕೂಟದಲ್ಲಿರುವ ದೇಶ. ಅಲ್ಪಾವಧಿಯ ವೀಸಾದಲ್ಲಿ 180 ದಿನಗಳೊಳಗೆ ಹೆಚ್ಚೆಂದರೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣ ಮತ್ತು ವಸತಿಯ ಖರ್ಚು ಯಾರದು ಎಂದು ಸ್ಪಷ್ಟವಾಗಿ ಬರೆದ ಆಮಂತ್ರಣ ಪತ್ರ ಅರ್ಜಿಯ ಜೊತೆ ಇದ್ದರೆ ಬಹಳ ಅನುಕೂಲ. ಪತ್ರದ ಆ ಎರಡನೆಯ ಭಾಗಕ್ಕೆ ಇಲ್ಲಿಯೂ ಬೆಲೆ!

ವೆನಿಸ್‌ಗೆ ವಿಮಾನದಲ್ಲಿ ಹೋದವರು ಮೆಸ್ತ್ರೆ ನಿಲ್ದಾಣದಿಂದ ರೈಲು ಹಿಡಿದರೆ ಸುಮಾರು ಎರಡು ಗಂಟೆಯಲ್ಲಿ ಟ್ರಿಯೆಸ್ಟೆ. ಟ್ರಿಯೆಸ್ಟೆಗೇ ಒಂದು ವಿಮಾನ ನಿಲ್ದಾಣವಿದೆ, ನಗರದಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರದ ರೋಂಕಿ ಎಂಬಲ್ಲಿ. 2018ರಲ್ಲಿ ಅದರ ಮಗ್ಗುಲಿಗೇ ರೈಲು ನಿಲ್ದಾಣವಾದ ಮೇಲೆ ಪ್ರಯಾಣ ಸುಲಭವಾಯಿತು. ನಗರದ ಮುಖ್ಯ ರೈಲು ನಿಲ್ದಾಣದ ಬಳಿ ಗ್ರಿನ್ಯಾನೊ ಕಡೆಗೆ ಹೋಗುವ ಬಸ್ಸು ಸಿಗುತ್ತದೆ. ಕಂಡಕ್ಟರ್ ಬಂದು ಚೀಟಿ ಹರಿದುಕೊಡುತ್ತಾನೆಂದು ಕಾಯಬಾರದು. ಪತ್ರಿಕೆ ಮಾರುವ ಅಂಗಡಿಯಲ್ಲೋ ತಂಬಾಕಿನ ಅಂಗಡಿಯಲ್ಲೋ ಮೊದಲೇ ಟಿಕೆಟ್ಟು ಕೊಂಡು, ಬಸ್ಸಿನೊಳಗಿನ ಯಂತ್ರಕ್ಕೆ ತೋರಿಸಿ ಮುದ್ರೆ ಒತ್ತಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಚಳಿಗಾಲದಲ್ಲಿ ಹೋಗುವವರಿಗೆ ಬೋರಾ ಎಂಬ ಗಾಳಿಯ ಪರಿಚಯವಾಗುತ್ತದೆ. ಬೆಟ್ಟದ ಕಡೆಯಿಂದ ಕಡಲಿಗೆ ನುಗ್ಗುವ ಈ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದುಂಟು. ಹಿಂದೆ ಜನ ಹಿಡಿದುಕೊಂಡು ನಡೆಯಲೆಂದು ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ. ಅಲ್ಲಿಗೆ ಕೊಡೆ ಒಯ್ಯುವುದಕ್ಕಿಂತ ಕಿವಿ ಮುಚ್ಚುವ ಉಣ್ಣೆಯ ಟೋಪಿ ಒಯ್ಯುವುದು ಜಾಣತನ.

ಅಷ್ಟು ದೂರ ಹೋಗಲಾರದವರಿಗೆ ಬೆಂಗಳೂರಿನ ಅಂಚಿನಲ್ಲೇ ಇಂಥದೊಂದು ಜಾಗವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 2007ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ, ಐಸಿಟಿಎಸ್, ಹೆಸರಘಟ್ಟ ಹೋಬಳಿಯ ಶಿವಕೋಟೆ ಗ್ರಾಮದಲ್ಲಿದೆ. ಅಲ್ಲಿಯ ಆವರಣ ಉದ್ಘಾಟನೆಯಾದದ್ದು 2015ರಲ್ಲಿ. ಉಪನ್ಯಾಸದ ಕೋಣೆಗಳಿಗೆ ರಾಮಾನುಜನ್ ಮತ್ತು ಮಾಧವರ ಹೆಸರು, ದೊಡ್ಡ ಸಭಾಂಗಣಕ್ಕೆ ಪಿಲ್ಸ್‌ನಾ ಹಡಗಿನ ಆ ಚಂದ್ರಶೇಖರ್ ಹೆಸರು. ಬಂದವರು ಆವರಣದೊಳಗೇ ತಂಗಲು ಅತಿಥಿಗೃಹವಿದೆ. ವರ್ಷವಿಡೀ ಒಂದರ ಹಿಂದೊಂದು ಕಾರ್ಯಕ್ರಮ, ಕೆಲವು ಎಂ.ಎಸ್ಸಿ. ಹಾಗೂ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆಂದೇ. ಶಾಲೆ ಮತ್ತು ಪಿಯುಸಿ ಮಟ್ಟದಲ್ಲಿ ವಿಜ್ಞಾನ ಒಲಿಂಪಿಯಾಡಿನ ಹಂತಗಳನ್ನು ದಾಟಿದವರಿಗೆ ಮುಂಬೈಯ ಮಾನ್‌ಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಿಬಿರವಿದೆ. ಅಲ್ಲಿಯೂ ಊಟ ವಸತಿ ಕೇಂದ್ರದ್ದೇ.

ಇನ್ನು ಖರ್ಚಿನ ಮಾತು. ಬಹುಪಾಲು ಕಡೆ ಇರುವ ಕ್ರಮವೆಂದರೆ, ಮೊದಲು ನಿಮ್ಮ ಹಣದಲ್ಲಿ ಬನ್ನಿ, ಆಮೇಲೆ ಟಿಕೆಟ್ಟು ಕೊಟ್ಟರೆ ಹಣ ಕೊಡುತ್ತೇವೆ ಎಂಬುದು. ಲೆಕ್ಕಪತ್ರ ಇಡುವವರಿಗೆ ಇದು ಸಲೀಸು. ಆದರೆ ಕೈಯಲ್ಲಿ ಹಣ ಇದ್ದವನಿಗೆ ಮಾತ್ರ ನೆರವು ಕೊಡುವ ಕ್ರಮವಿದು. ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬರುವ ವಿದ್ಯಾರ್ಥಿಯ ಮನೆಯಲ್ಲಿ ತಿಂಗಳ ಕೊನೆಗೆ ಎರಡು ಸಾವಿರ ರೂಪಾಯಿ ಹೊಂದಿಸುವುದು ಎಂದರೆ ಏನೆಂದು ಸಂಘಟಕರು ಯೋಚಿಸಬೇಕು. ಟಿಕೆಟ್ಟನ್ನೇ ತೆಗೆಸಿ ಕಳಿಸುವ ಸಂಸ್ಥೆಗಳೂ ಇವೆ. ವಿದ್ಯಾರ್ಥಿಗಳೂ ನಾಚಿಕೆ ಬಿಟ್ಟು, ಆಯ್ಕೆಯಾದ ಕೂಡಲೇ, ಮುಂಗಡ ಸಿಗುವುದೇ ಎಂದು ಎರಡು ಸಾಲು ಬರೆದು ಕೇಳಬೇಕು. ಇಲ್ಲ ಎಂದರೂ ಆಯ್ಕೆ ರದ್ದಾಗುವುದಿಲ್ಲ. ಕಾಲೇಜಿನ ಪ್ರಾಂಶುಪಾಲರಲ್ಲಿ ಕೇಳಿದರೆ ಅಲ್ಲಿಂದ ಒಂದಿಷ್ಟು ಹೊಂದೀತು. ಯಾವ ದರ್ಜೆಯ ಪ್ರಯಾಣಕ್ಕೆ ಹಣ ಕೊಡುತ್ತಾರೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಸ್ಲೀಪರ್ ದರ್ಜೆಗೆ ಮಾತ್ರ ಎಂದಿದ್ದರೆ ಎ.ಸಿ. ಬೋಗಿಯ ವ್ಯತ್ಯಾಸ ಕೈಯಿಂದಲೇ ಹೋಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಕಾಲೇಜಿನ ಗುರುತಿನ ಚೀಟಿ, ಹೋಗುವ ಮತ್ತು ಬರುವ ಎರಡೂ ಟಿಕೆಟ್ಟುಗಳನ್ನು ಒಂದು ಕವರಿನಲ್ಲಿಟ್ಟುಕೊಂಡರೆ ಕೊನೆಯ ದಿನದ ಪರದಾಟ ತಪ್ಪುತ್ತದೆ.

ಹೆಣ್ಣುಮಕ್ಕಳ ತಂದೆತಾಯಿಗೆ ಅಂಜಿಕೆ ಇರುವುದು ಸಹಜ. ಅದಕ್ಕೆ 'ಬೇಡ' ಎಂಬುದೇ ಉತ್ತರವಾಗಬೇಕಿಲ್ಲ, ಕೇಳಿ ತಿಳಿದುಕೊಂಡರೆ ಆಯಿತು. ಹುಡುಗಿಯರಿಗೆ ವಸತಿ ಎಲ್ಲಿ, ಕೋಣೆಯಲ್ಲಿ ಎಷ್ಟು ಮಂದಿ, ಜೊತೆಗಿರುವವರು ಯಾರು, ಹಿಂದಿನ ರಾತ್ರಿಯೇ ಬಂದರೆ ಕೋಣೆ ತೆರೆದಿರುತ್ತದೆಯೇ, ಸಂಜೆಯ ಉಪನ್ಯಾಸ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಹುಷಾರು ತಪ್ಪಿದರೆ ವೈದ್ಯರು ಯಾರು ಎಂದು ದೂರವಾಣಿ ಮಾಡಿ ಕೇಳಲು ಸಂಕೋಚ ಬೇಡ. ಇಂಥ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಡುವುದು ಸಂಘಟಕರ ಕೆಲಸ. ಗಂಡುಮಕ್ಕಳ ಬಗೆಗೂ ಇವನ್ನೇ ಕೇಳಬಹುದು, ಯಾರೂ ಕೇಳುವುದಿಲ್ಲ ಅಷ್ಟೆ!

ಶಿವಕೋಟೆ ನಗರದ ಹೊರಗಿರುವುದರಿಂದ ಬೆಳಗಿನ ಜಾವ ಯಶವಂತಪುರದಲ್ಲೋ ಮೆಜೆಸ್ಟಿಕ್ಕಿನಲ್ಲೋ ಇಳಿಯುವವರು ಅಲ್ಲಿಂದ ಮುಂದೆ ವಾಹನ ಯಾವುದು, ಎಷ್ಟು ಹೊತ್ತಿಗೆ ಎಂದು ಮುಂಚಿತವಾಗಿಯೇ ಬರೆದು ತಿಳಿದುಕೊಂಡಿರಬೇಕು. ಕತ್ತಲಿರುವಾಗ ಹೊರಗೆ ಬಂದು ಆಟೋದವರ ಜೊತೆ ಚೌಕಾಸಿ ಮಾಡುವ ಬದಲು, ಬೆಳಕು ಹರಿಯುವವರೆಗೆ ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಕುಳಿತು, ಒಂದು ಕಾಫಿ ಕುಡಿದು ಹೊರಡುವುದು ಕ್ಷೇಮ. ತಲುಪಿದ ಮೇಲೆ ಮನೆಗೊಂದು ಫೋನು ಮಾಡಿ, ಕೋಣೆಯ ಸಂಖ್ಯೆಯನ್ನೂ ಅತಿಥಿಗೃಹದ ದೂರವಾಣಿ ಸಂಖ್ಯೆಯನ್ನೂ ತಿಳಿಸಬೇಕು.